ಮೂರ್ತಿರಾಯರ ‘ದೇವರು’ ಮತ್ತು ನಾಸ್ತಿಕನೆಂಬ ಹೆಸರು

ಎ. ಎನ್. ಮೂರ್ತಿರಾಯರ ‘ದೇವರು’ ಗ್ರಂಥ ಪ್ರಕಟವಾದದ್ದು 1991ರಲ್ಲಿ. 1900ರಲ್ಲಿ ಹುಟ್ಟಿದ ಲೇಖಕರಿಗೆ ಆಗ ತೊಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ನಮ್ಮವರಲ್ಲಿ ಹಲವರು ಜಪಮಾಲೆ ಹಿಡಿಯುತ್ತಾರೆ. ಇವರು ಲೇಖನಿ ಹಿಡಿದು, ತಮಗೆ ದೇವರಲ್ಲಿ ಏಕೆ ನಂಬಿಕೆಯಿಲ್ಲವೆಂಬುದನ್ನು ಕಾರಣಸಹಿತ ಬರೆದರು. ಅದಕ್ಕೆ ಕರ್ನಾಟಕ ಸರ್ಕಾರದ 1992ರ ಪಂಪ ಪ್ರಶಸ್ತಿ ಬಂದಿತು. ದೇವರನ್ನು ಒಪ್ಪದ ಪುಸ್ತಕಕ್ಕೆ ಸಂದ ಈ ಮನ್ನಣೆ ಕನ್ನಡಿಗರ ಸಹನೆಗೂ ಸಂದದ್ದೆಂದೇ ನನ್ನ ಭಾವನೆ.

‘ನಾಸ್ತಿಕ’ ಎಂಬುದು ನಮ್ಮ ಮನೆಗಳಲ್ಲಿ ಬೈಗುಳ. ಹಬ್ಬದ ದಿನ ಸ್ನಾನ ಮಾಡದೆ ತಿಂಡಿಗೆ ಕುಳಿತ ಹುಡುಗನೂ ಅಜ್ಜಿಯ ಬಾಯಲ್ಲಿ ನಾಸ್ತಿಕನೇ. ಶಾಸ್ತ್ರಕಾರರ ಲೆಕ್ಕ ಬೇರೆ. ವೇದಪ್ರಾಮಾಣ್ಯವನ್ನು ಒಪ್ಪದವನು ಅವರಿಗೆ ನಾಸ್ತಿಕ. ಆದುದರಿಂದ ಬೌದ್ಧರೂ ಜೈನರೂ ಆ ಪಟ್ಟಿಗೆ ಸೇರಿದರು. ಸೃಷ್ಟಿಕರ್ತನಾದ ಈಶ್ವರನ ಅಗತ್ಯವನ್ನೇ ಕಾಣದ ಪ್ರಾಚೀನ ಸಾಂಖ್ಯರೂ ಮೀಮಾಂಸಕರೂ ಆಸ್ತಿಕರಾಗಿಯೇ ಉಳಿದರು. ಹೀಗಿರುವಾಗ ತಾನು ನಾಸ್ತಿಕನೆಂದು ಹೇಳಿಕೊಳ್ಳುವವನು ಯಾವುದನ್ನು ಒಪ್ಪುವುದಿಲ್ಲವೆಂದು ಮೊದಲು ಬಿಡಿಸಿ ಹೇಳಬೇಕಾಗುತ್ತದೆ.

ಮೂರ್ತಿರಾಯರು ಪ್ರಶ್ನಿಸುವುದು ಜನಸಾಮಾನ್ಯರು ನಂಬುವ, ಸರ್ವಶಕ್ತನೂ ದಯಾಮಯನೂ ಆದ ದೇವರನ್ನು. ಅಂಥವನಿದ್ದರೆ ಲೋಕದಲ್ಲಿ ಇಷ್ಟು ದುಃಖವೇಕೆ? ಪ್ರಶ್ನೆ ಹಳೆಯದು, ಆದರೆ ‘ಕರ್ಮ’, ‘ಲೀಲೆ’ ಎಂಬ ಉತ್ತರಗಳಿಂದ ಮುಗಿಯುವಂಥದಲ್ಲ. ಗ್ರಂಥದ ಧಾಟಿ ಲಲಿತ ಪ್ರಬಂಧಕಾರರದು, ಎದುರು ಕುಳಿತು ಮಾತಾಡಿದಂತೆ. ಮೋಲಿಯೇರನ ನಾಟಕವನ್ನು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ತಂದವರೂ ಇವರೇ. ಆದರೆ ಡಾಂಭಿಕನನ್ನು ನಗೆಗೀಡು ಮಾಡಬಲ್ಲ ಲೇಖಕರು ಇಲ್ಲಿ ಭಕ್ತನನ್ನು ಗೇಲಿ ಮಾಡಹೊರಟಿಲ್ಲ.

ಗುಮಾಸ್ತಿಕೆಯ ಅನುಭವದಿಂದ ಒಂದು ಮಾತು. ಕಚೇರಿಯಲ್ಲಿ ಹಕ್ಕು ಕೇಳುವವನೇ ದಾಖಲೆ ತರಬೇಕು. ‘ಕಡತದಲ್ಲಿ ದಾಖಲೆಯಿಲ್ಲ’ ಎಂದು ಟಿಪ್ಪಣಿ ಬರೆದ ಗುಮಾಸ್ತ ಅರ್ಜಿದಾರನ ವೈರಿಯೇನಲ್ಲ. ದಾಖಲೆ ಬಂದರೆ ಟಿಪ್ಪಣಿ ಬದಲಾಗುತ್ತದೆ. ವಿವೇಕಿಯ ನಾಸ್ತಿಕತೆಯೂ ಇಷ್ಟೆ. ಬಿ.ಎಸ್ಸಿ. ಮಾಡಿದ ಮಾತ್ರಕ್ಕೆ ಇದು ಬರುವುದಿಲ್ಲ. ಆಯುಧಪೂಜೆಯ ದಿನ ಎಷ್ಟೋ ಪ್ರಯೋಗಾಲಯಗಳಲ್ಲಿ ತಕ್ಕಡಿಗೂ ಕುಂಕುಮ ಬೀಳುತ್ತದೆ.

ಇಷ್ಟಾದರೂ ಊರು ಬಿಟ್ಟು ಹೈದರಾಬಾದಿಗೆ ಬಂದ ನಮ್ಮಂಥವರಿಗೆ ಒಂದು ತೊಡಕು ಉಳಿಯುತ್ತದೆ. ನಮಗೆ ದೇವರೆಂದರೆ ಬರಿಯ ಸೃಷ್ಟಿಕರ್ತನಲ್ಲ, ನಾಲ್ಕು ಜನ ಕನ್ನಡಿಗರು ಸೇರುವ ನೆಪವೂ ಹೌದು. ಗಣೇಶನ ಹಬ್ಬ, ರಾಯರ ಆರಾಧನೆ, ದಾಸರ ಪದಗಳು, ಇವುಗಳಲ್ಲಿಯೇ ನಮ್ಮ ಮಕ್ಕಳ ಕಿವಿಗೆ ಒಂದಿಷ್ಟು ಕನ್ನಡ ಬೀಳುವುದು. ಅಲ್ಲಿ ‘ನಾನು ನಂಬುವುದಿಲ್ಲ’ ಎಂದರೆ ‘ನಾನು ನಿಮ್ಮವನಲ್ಲ’ ಎಂದು ಕೇಳಿಸೀತೆಂಬ ಅಳುಕು. ಅನೇಕರು ಸುಮ್ಮನಿರುವುದಕ್ಕೆ ಇದೂ ಒಂದು ಕಾರಣವಿರಬೇಕು. 2011ರ ಜನಗಣತಿಯಲ್ಲಿ 121 ಕೋಟಿ ಜನರ ಪೈಕಿ ನಾಸ್ತಿಕರೆಂದು ಬರೆಸಿಕೊಂಡವರು ಸುಮಾರು 33 ಸಾವಿರ ಮಾತ್ರ.

ನೆರೆಯ ತೆಲುಗರಲ್ಲಿ ಈ ಹೆಸರನ್ನು ಬಹಿರಂಗವಾಗಿ ಧರಿಸಿದವರು ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್ (1902–1975). ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ತಮ್ಮ ವಿಚಾರಗಳ ದೆಸೆಯಿಂದ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಪತ್ನಿ ಸರಸ್ವತಿಯವರೊಡನೆ ನಾಸ್ತಿಕ ಕೇಂದ್ರ ಆರಂಭಿಸಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂದಿತು. ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಡಲು ನಿಶ್ಚಯಿಸಿದಾಗ, ದೇವರ ಬದಲು ಸತ್ಯದ ಹೆಸರಿನಲ್ಲಿ ಮದುವೆ ನಡೆಸಲು ಗಾಂಧೀಜಿ ಒಪ್ಪಿದ್ದರು. 1948ರ ಜನವರಿಯಲ್ಲಿ ಗಾಂಧೀಜಿಯವರ ಹತ್ಯೆಯಾಯಿತು. ಮಾರ್ಚ್ ತಿಂಗಳಲ್ಲಿ ಸೇವಾಗ್ರಾಮದಲ್ಲಿಯೇ ಆ ಮದುವೆ ನಡೆಯಿತು.

ಮೂರ್ತಿರಾಯರು ‘ಏಕೆ ನಂಬುವುದಿಲ್ಲ’ ಎಂಬುದಕ್ಕೆ ಉತ್ತರ ಕೊಟ್ಟರೆ, ಗೋರಾ ‘ನಂಬದಿದ್ದ ಮೇಲೆ ಮುಂದೇನು’ ಎಂಬುದಕ್ಕೆ ಉತ್ತರ ಕೊಟ್ಟರು. ಮೊದಲನೆಯದರಲ್ಲಿಯೇ ನಿಂತವನಿಗೆ ನಾಸ್ತಿಕನೆಂಬ ಹೆಸರು ಅಗ್ಗವಾಗಿ ದೊರೆತಂತೆ. ದೇವರಿಲ್ಲವೆನ್ನುತ್ತಲೇ ಮಗಳಿಗೆ ಸ್ವಜಾತಿಯ ವರನನ್ನೇ ಹುಡುಕುವವನು ದೇವರನ್ನು ಬಿಟ್ಟು ಜಾತಿಯನ್ನು ಉಳಿಸಿಕೊಂಡಿದ್ದಾನೆ. ‘ದೇವರಿಚ್ಛೆ’ ಎಂದು ಕೈತೊಳೆದುಕೊಳ್ಳುವ ಅನುಕೂಲವೂ ನಂಬದವನಿಗಿಲ್ಲ. ನೆರೆಯವನ ಕಷ್ಟಕ್ಕೆ ತಾನೇ ಹೆಗಲು ಕೊಡಬೇಕು.

ಹಾಗೆಂದು ನಮ್ಮವರ ಸಂಗ ಬಿಡಬೇಕಾಗಿಲ್ಲ. ನನ್ನ ತಾಯಿ ಸಂಜೆ ದೀಪ ಹಚ್ಚುತ್ತಾರೆ. ನಾನು ಬತ್ತಿ ಹೊಸೆದು ಕೊಡುತ್ತೇನೆ, ಕೈಮುಗಿಯುವುದಿಲ್ಲ, ಅವರೂ ಒತ್ತಾಯಿಸುವುದಿಲ್ಲ. ಭಜನೆಯಲ್ಲಿ ಪದದ ಸೊಗಸಿಗಾಗಿ, ಸ್ನೇಹಕ್ಕಾಗಿ ಕುಳಿತುಕೊಳ್ಳಬಹುದು. ಆದರೆ ‘ಅಪ್ಪಾ, ನೀನು ನಂಬುತ್ತೀಯಾ?’ ಎಂದು ಮಗ ಕೇಳಿದರೆ ನಾಲ್ಕು ಜನರ ಮುಖ ನೋಡಿ ಉತ್ತರ ಹೇಳಕೂಡದು.

ಆಸ್ತಿಕ ಬಂಧುಗಳೂ ‘ದೇವರು’ ಗ್ರಂಥವನ್ನು ಓದಬೇಕೆಂದು ವಿನಂತಿ. ಒಪ್ಪದಿದ್ದರೂ ಚಿಂತೆಯಿಲ್ಲ. ಒಪ್ಪದವರೊಡನೆ ಸೌಜನ್ಯದಿಂದ ಮಾತಾಡುವುದು ಹೇಗೆಂಬುದಂತೂ ಅದರಿಂದ ತಿಳಿಯುತ್ತದೆ.