ಸಂಬಳಪಟ್ಟಿಯಲ್ಲಿಲ್ಲದ ಕುರ್ದರು

1996ರ ಆಗಸ್ಟ್ ಕೊನೆಗೆ ಸದ್ದಾಂ ಹುಸೇನ್ ಸೇನೆ ಉತ್ತರ ಇರಾಕಿನ ಎರ್ಬಿಲ್‌ಗೆ ನುಗ್ಗಿದಾಗ, ಅಮೆರಿಕದ ನೆರವು ಸಂಸ್ಥೆಗಳಲ್ಲಿ ದುಡಿಯುತ್ತಿದ್ದ ಕುರ್ದರ ಜೀವಕ್ಕೆ ಕುತ್ತು ಬಂತು. ಅಮೆರಿಕ ಸುಮಾರು 6,600 ಮಂದಿಯನ್ನು ಟರ್ಕಿಯ ದಾರಿಯಾಗಿ ಗುವಾಮ್ ದ್ವೀಪದ ವಾಯುನೆಲೆಗೆ ಸಾಗಿಸಿತು. ಅವರ ಆಶ್ರಯದ ಅರ್ಜಿಗಳನ್ನು ಅಲ್ಲೇ ವಿಲೇವಾರಿ ಮಾಡಿ, 1997ರ ಏಪ್ರಿಲ್ ಹೊತ್ತಿಗೆ ಶಿಬಿರವನ್ನೇ ಖಾಲಿ ಮಾಡಿತು. ಸರಕಾರವೊಂದು ಮನಸ್ಸು ಮಾಡಿದರೆ ಎಷ್ಟು ಬೇಗ ಕೆಲಸ ಮುಗಿಸಬಲ್ಲದು ಎನ್ನುವುದಕ್ಕೆ ಇದೇ ಅಳತೆಗೋಲು. ಅಲ್ ತಾಷ್ ಶಿಬಿರದ ಕುರ್ದರ ವಿಷಯದಲ್ಲಿ ನಡೆದದ್ದನ್ನು ಈ ಕೋಲಿನಿಂದಲೇ ಅಳೆಯಬೇಕು.

ಅಲ್ ತಾಷ್ ಇದ್ದದ್ದು ಬಾಗ್ದಾದಿನ ಪಶ್ಚಿಮಕ್ಕೆ, ರಮಾದಿಯ ಹತ್ತಿರದ ಮರಳುಗಾಡಿನಲ್ಲಿ. 1979ರ ಕ್ರಾಂತಿಯ ಬಳಿಕ ಟೆಹರಾನಿನ ಹೊಸ ಆಡಳಿತಕ್ಕೂ ಕುರ್ದರಿಗೂ ಕಾಳಗ ಹತ್ತಿಕೊಂಡಿತು. ಮರುವರ್ಷವೇ ಇರಾನ್–ಇರಾಕ್ ಯುದ್ಧ. ಗಡಿ ದಾಟಿದ ಇರಾನಿ ಕುರ್ದರನ್ನು ಇರಾಕ್ 1982ರಲ್ಲಿ ಇಲ್ಲಿಗೆ ತಂದು ಕೂರಿಸಿತು. ಅಲ್ಲೇ ಮಕ್ಕಳು ಹುಟ್ಟಿ, ಬೆಳೆದು, ಮದುವೆಯಾದರು. 2003ರ ಯುದ್ಧದ ವೇಳೆಗೆ ಶಿಬಿರದಲ್ಲಿ ಸುಮಾರು 12,000 ಜನರಿದ್ದರು. ಇಷ್ಟು ವರ್ಷ ಅವರನ್ನು ಹಾಗೇ ಬಿಟ್ಟಿದ್ದೇ ಮೊದಲ ತಪ್ಪು. ಸದ್ದಾಂ ಬೀಳುವವರೆಗೆ ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ, ಅಷ್ಟೆ.

ಆಡಳಿತ ಕುಸಿದಾಗ ಶಿಬಿರದ ಭದ್ರತೆಯೂ ಕುಸಿಯಿತು. ಸಾವಿರಕ್ಕೂ ಹೆಚ್ಚು ಮಂದಿ ಜೋರ್ಡಾನ್ ಕಡೆಗೆ ಹೊರಟರು. ಜೋರ್ಡಾನ್ ಒಳಗೆ ಬಿಡಲಿಲ್ಲ, ಹಿಂದಕ್ಕೆ ಹೋಗುವ ಧೈರ್ಯ ಅವರಿಗಿರಲಿಲ್ಲ. ಎರಡು ದೇಶಗಳ ಠಾಣೆಗಳ ನಡುವೆ, ಬಾಗ್ದಾದ್–ಅಮ್ಮಾನ್ ಹೆದ್ದಾರಿಯ ಬದಿಯಲ್ಲಿ ಡೇರೆಗಳೆದ್ದವು. ಜೋರ್ಡಾನ್ ಆಗಲಿ ಇರಾಕ್ ಆಗಲಿ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲ. ಆದರೂ ದೂರನ್ನೆಲ್ಲ ಜೋರ್ಡಾನ್ ಮೇಲೆ ಹೊರಿಸುವುದು ನ್ಯಾಯವಲ್ಲ: ಪ್ಯಾಲೆಸ್ತೀನಿಯರ ತಲೆಮಾರುಗಳನ್ನೇ ಸಾಕಿದ ಬಡ ದೇಶ ಅದು. ಕೆಲವರನ್ನು ತನ್ನ ನೆಲದ ರುವೈಶಿದ್ ಶಿಬಿರಕ್ಕೆ ಬಿಟ್ಟುಕೊಂಡಿತು ಕೂಡ. ಅಲ್ಲಿಂದ ಸ್ವೀಡನ್, ಐರ್ಲೆಂಡ್ ಒಂದಷ್ಟು ಕುಟುಂಬಗಳನ್ನು ಕರೆಸಿಕೊಂಡವು. ಯುದ್ಧ ಹೂಡಿದ ದೊಡ್ಡ ದೇಶಕ್ಕೆ ಮಾತ್ರ ಗುವಾಮ್ ಮತ್ತೆ ನೆನಪಾಗಲಿಲ್ಲ.

ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಪಾತ್ರ ತೂಗಿ ನೋಡಬೇಕಾದದ್ದು. 2003ರ ಆಗಸ್ಟ್ 19ರಂದು ಬಾಗ್ದಾದಿನ ಕೆನಾಲ್ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಬಾಂಬ್ ದಾಳಿ ನಡೆದು, ಅದರ ವಿಶೇಷ ಪ್ರತಿನಿಧಿ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಮಂದಿ ಸತ್ತರು. ವಿದೇಶಿ ಸಿಬ್ಬಂದಿ ಇರಾಕ್ ಬಿಟ್ಟರು. ಅಮ್ಮಾನ್‌ನಲ್ಲಿ ಕುಳಿತು ರಮಾದಿಯ ಜನರನ್ನು ಕಾಯುವುದು ಹೇಗೆ? 2004ರ ಕೊನೆಯಲ್ಲಿ ಫಲೂಜಾ ಕಾಳಗದ ಬಿಸಿ ಅಲ್ ತಾಷ್‌ಗೂ ತಟ್ಟಿದಾಗ ಶಿಬಿರ ಒಡೆಯಿತು. ಬಳಿಕ ಕಚೇರಿ ಕುರ್ದಿಸ್ತಾನ್ ಪ್ರಾದೇಶಿಕ ಸರಕಾರವನ್ನು ಒಪ್ಪಿಸಿ, ಸಾವಿರಕ್ಕೂ ಹೆಚ್ಚು ಮಂದಿಯನ್ನು ಎರ್ಬಿಲ್ ಬಳಿಯ ಕಾವಾ ವಸತಿಗೆ ಸಾಗಿಸಿತು. ಗುಂಡಿನ ನಡುವಿನಿಂದ ಮಕ್ಕಳು ಮುದುಕರನ್ನು ಹೊರತಂದ ಈ ಕೆಲಸ ಸಣ್ಣದಲ್ಲ. ಅಲ್ಲಿ ಭಾಷೆ ತಮ್ಮದೇ, ಸುತ್ತ ತಮ್ಮವರೇ. ಜೀವ ಉಳಿಸುವ ಮಟ್ಟಿಗೆ ಇದು ಸರಿಯಾದ ನಿರ್ಧಾರವೆಂದೇ ನನ್ನ ಅನಿಸಿಕೆ.

ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. 2005ರ ಜನವರಿಯಲ್ಲಿ ಅಲ್ ತಾಷ್‌ನಿಂದ ಓಡಿದ ಇನ್ನೂರರಷ್ಟು ಮಂದಿ ಮತ್ತೆ ಜೋರ್ಡಾನ್ ಗಡಿಯಲ್ಲಿ ಸಿಕ್ಕಿಕೊಂಡರು. ಕಾವಾಕ್ಕೆ ಹೋಗಿ ಎಂದರೆ ಒಪ್ಪಲಿಲ್ಲ. ಇರಾನಿನ ಗುಪ್ತಚರರ ಕೈ ಉತ್ತರ ಇರಾಕಿನಲ್ಲಿ ಎಷ್ಟು ಉದ್ದವೆಂದು ಅವರಿಗೆ ಗೊತ್ತಿತ್ತು: 1990ರ ದಶಕದಲ್ಲಿ ಇರಾನಿ ಕುರ್ದ್ ಪಕ್ಷಗಳ ಹಲವು ಕಾರ್ಯಕರ್ತರು ಅಲ್ಲೇ ಕೊಲೆಯಾಗಿದ್ದರು. ಗಡಿಯಲ್ಲಿದ್ದವರನ್ನು ಮೂರನೆಯ ದೇಶಕ್ಕೆ ಕಳಿಸಿದರೆ ಕಾವಾದವರೂ ಗಡಿಗೆ ಬಂದಾರು ಎಂಬುದು ಕಚೇರಿಯ ಅಧಿಕಾರಿಗಳ ಭಯ. ಹೀಗೆ ಇನ್ನೊಬ್ಬರು ಬಾರದಿರಲೆಂದು ಇವರನ್ನು ಬಿಸಿಲಿನಲ್ಲಿ ಕೂರಿಸಿದ್ದಾಯಿತು. ಕಚೇರಿಗೆ ಸ್ವಂತ ನೆಲವಿಲ್ಲ, ವೀಸಾ ಕೊಡುವ ಅಧಿಕಾರವಿಲ್ಲ. ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ಶೇ. 1ರಷ್ಟು ಮಂದಿಗೂ ಮೂರನೆಯ ದೇಶದಲ್ಲಿ ಜಾಗ ಸಿಗುವುದಿಲ್ಲ. ಇಷ್ಟನ್ನೂ ಒಪ್ಪೋಣ. ಆದರೆ ಗಡಿಯಲ್ಲಿದ್ದವರು ಎರಡು ವಿಮಾನ ತುಂಬುವಷ್ಟೂ ಇರಲಿಲ್ಲ. ಗುವಾಮ್‌ಗೆ ಹೋದವರಿಗಿಂತ ಇವರ ಅಪಾಯವೇನೂ ಕಡಿಮೆಯದಲ್ಲ. ಯಾವ ಅಮೆರಿಕನ್ ಸಂಸ್ಥೆಯ ಸಂಬಳಪಟ್ಟಿಯಲ್ಲೂ ಇವರ ಹೆಸರಿರಲಿಲ್ಲ, ಅಷ್ಟೇ ವ್ಯತ್ಯಾಸ. ಇನ್ನು ಕಾವಾದವರು ಎದ್ದು ಬಂದಾರೆಂಬ ಆ ಭಯ. ಕಾವಾ ನಿಜಕ್ಕೂ ನೆಲೆಯಾಗಿದ್ದರೆ, ಅದನ್ನು ಬಿಟ್ಟು ಮರಳುಗಾಡಿನ ಡೇರೆಗೆ ಯಾರು ಬರುತ್ತಿದ್ದರು?