ಒಗಟಿನ ನ್ಯಾಯ

‘ಸೇವಕನ ಕಣ್ಣಿನ ಒಳಗೆ ಹೊನ್ನು.’ ಮೂರು ಅಕ್ಷರ.

ನಾಗಮಂಗಲದ ಒಂದು ಹೋಟೆಲಿನಲ್ಲಿ, ಭಾನುವಾರದ ಬೆಳಗಿನ ಕಾಫಿಯ ಹೊತ್ತಿನಲ್ಲಿ, ಈ ಸಾಲನ್ನು ಚೀಟಿಯ ಮೇಲೆ ಬರೆದು ನನ್ನ ಮುಂದೆ ಸರಿಸಿದವರು ನಮ್ಮ ನಿವೃತ್ತ ಪೋಸ್ಟ್‌ಮಾಸ್ತರರು. ನಾವು ನಾಲ್ವರು. ಮಾಸ್ತರರು, ಔಷಧದಂಗಡಿಯ ಯಜಮಾನರು, ಬ್ಯಾಂಕಿನ ಗುಮಾಸ್ತೆ ಒಬ್ಬ, ಮತ್ತು ಕಾಲೇಜಿನಲ್ಲಿ ಕನ್ನಡ ಹೇಳುವ ನಾನು. ಪತ್ರಿಕೆಯ ಪದಬಂಧವನ್ನು ಒಟ್ಟಿಗೆ ಕೂತು ತುಂಬುವುದು ನಮ್ಮ ವ್ರತ. ಅದು ಮುಗಿದ ಮೇಲೆ ಒಬ್ಬರಿಗೊಬ್ಬರು ಸ್ವಂತ ತಯಾರಿಕೆಯ ಸುಳಿವುಗಳನ್ನು ಒಡ್ಡುವುದು ನಮ್ಮ ವ್ಯಸನ.

ನಾನು ಚೀಟಿಯನ್ನು ನೋಡಿ ನಕ್ಕೆ. ಸೇವಕನೆಂದರೆ ದಾಸ; ದಾಸರಲ್ಲಿ ಹೊನ್ನು ಯಾವುದು? ‘ಕನಕ’ ಎಂದೆ. ಕಾಫಿ ಇನ್ನೂ ಆರಿರಲಿಲ್ಲ.

‘ಉತ್ತರ ಸರಿ ಮೇಷ್ಟ್ರೇ. ಕಾರಣ ಹೇಳಿ’ ಎಂದರು ಮಾಸ್ತರರು.

‘ಹೇಳಿದೆನಲ್ಲ, ಕನಕದಾಸ.’

‘ಹಾಗಾದರೆ ಕಣ್ಣು ಯಾಕೆ ಬಂತು?’

ಕಣ್ಣಿಗೆ ನನ್ನಲ್ಲಿ ಜಾಗವಿರಲಿಲ್ಲ. ‘ಕಾರಣವಿಲ್ಲದ ಉತ್ತರ ನಮ್ಮ ಲೆಕ್ಕಕ್ಕಿಲ್ಲ’ ಎಂದು ಅವರು ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡರು. ಕೋಪ ಬಂತೆಂದು ಒಪ್ಪಿಕೊಳ್ಳುತ್ತೇನೆ. ಬುಧವಾರ ಕರಿಹಲಗೆಯ ಮೇಲೆ ಏನೋ ಬರೆಯುತ್ತಿದ್ದಾಗ ಥಟ್ಟನೆ ಕಂಡಿತು: ಸೇವ-ಕನ ಕ-ಣ್ಣಿನ. ಆ ಸಾಲಿನ ಹೊಟ್ಟೆಯಲ್ಲೇ ‘ಕನಕ’ ಕೂತಿತ್ತು; ‘ಒಳಗೆ’ ಎಂಬ ಮಾತು ಅದನ್ನು ಬೆರಳಿಟ್ಟು ತೋರಿಸುತ್ತಿತ್ತು. ನಾನು ಅರ್ಥದ ಬೆನ್ನು ಹತ್ತಿ ಅಕ್ಷರವನ್ನು ದಾಟಿಹೋಗಿದ್ದೆ. ನೆನಪಿಗೆ ಬಂದ ದಾಸರು ನಿಜವಾದ ದಾರಿಯಲ್ಲ. ದಾರಿಯ ಪಕ್ಕದಲ್ಲಿ ಮಾಸ್ತರರು ಬೇಕೆಂದೇ ನೆಟ್ಟ ಬೆದರುಬೊಂಬೆ.

ಇಷ್ಟು ಸಣ್ಣ ವಿಷಯಕ್ಕೆ ಸಾಹಿತ್ಯದ ಪುಟವೇ ಎಂದು ವಾಚಕರು ಕೇಳಬಹುದು. ಸ್ವಲ್ಪ ತಾಳ್ಮೆ ಬೇಡುತ್ತೇನೆ.

ಪದಬಂಧ ನಮಗೆ ಹೊರಗಿನಿಂದ ಬಂದದ್ದು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಅದರ ಮೊದಲ ರೂಪವನ್ನು ಅಚ್ಚು ಹಾಕಿಸಿದ. ಅದು ಬರಿಯ ಅರ್ಥ ಕೇಳುವ ಆಟವಾಗಿತ್ತು. ಅದಕ್ಕೆ ವಕ್ರತೆ ಕಲಿಸಿದವರು ಇಂಗ್ಲೆಂಡಿನವರು. 1926ರಿಂದ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಟಾರ್ಕೆಮಾಡ ಎಂಬ ಗುಪ್ತನಾಮದಲ್ಲಿ ಎಡ್ವರ್ಡ್ ಪಾವಿಸ್ ಮ್ಯಾಥರ್ಸ್ ಕಟ್ಟಿದ ಬಂಧಗಳಲ್ಲಿ ಸುಳಿವು ಎನ್ನುವುದು ಒಗಟಾಯಿತು. ಇಂಥ ಸುಳಿವಿಗೆ ಎರಡು ಭಾಗ. ಒಂದು ತುದಿಯಲ್ಲಿ ನೇರವಾದ ಅರ್ಥ, ಇನ್ನೊಂದು ತುದಿಯಲ್ಲಿ ಶಬ್ದದ ಆಟ. ಎರಡೂ ಒಂದೇ ಉತ್ತರಕ್ಕೆ ಬಂದು ಸೇರಬೇಕು, ನಡುವೆ ಒಂದು ಮಾತೂ ದಂಡವಾಗಬಾರದು. ಸುಳಿವು ಕಟ್ಟುವವನು ಮೋಸ ಮಾಡಬಹುದು, ಸುಳ್ಳು ಹೇಳಕೂಡದು. ನಮ್ಮಲ್ಲಿ ಇಂಗ್ಲಿಷ್ ಬಲ್ಲ ಎಷ್ಟೋ ಮನೆಗಳಿಗೆ ಈ ರುಚಿ ಹತ್ತಿದ್ದು 1971ರಿಂದ ‘ಹಿಂದೂ’ ಪತ್ರಿಕೆಯ ಮೂಲಕ.

ಕನ್ನಡದಲ್ಲಿ ಪದಬಂಧಕ್ಕೆ ಬರಗಾಲವಿಲ್ಲ. ಅ. ನಾ. ಪ್ರಹ್ಲಾದರಾವ್ ಅವರು ಸಾವಿರಾರು ಬಂಧಗಳನ್ನು ಹೆಣೆದು ಲಿಮ್ಕಾ ದಾಖಲೆಯ ಪುಸ್ತಕವನ್ನೇ ಸೇರಿದರು. ಪತ್ರಿಕೆ ಬಂದೊಡನೆ ಮೊದಲು ಆ ಚೌಕಗಳ ಪುಟಕ್ಕೆ ಕೈಹಾಕುವ ಮನೆಗಳನ್ನು ನಾನು ಬಲ್ಲೆ. ಆದರೆ ಬಹುಮಟ್ಟಿಗೆ ನಮ್ಮ ಸುಳಿವು ಇನ್ನೂ ವಿನ್ ಮಹಾಶಯನ ಅಂಗಳದಲ್ಲೇ ಆಡುತ್ತಿದೆ ಎಂಬುದು ನನ್ನ ಆಕ್ಷೇಪಣೆ. ‘ಹೊನ್ನು’ ಎಂದು ಕೇಳಿ ಮೂರು ಚೌಕ ಕೊಟ್ಟರೆ ಬಂಗಾರ, ಸುವರ್ಣ, ಕಾಂಚನ, ಹಿರಣ್ಯ, ಕನಕ, ಎಲ್ಲವೂ ಹೊಂದುತ್ತವೆ. ಯಾವುದೆಂದು ತೀರ್ಮಾನಿಸುವುದು ನನ್ನ ಬುದ್ಧಿಯಲ್ಲ, ಮೇಲಿನಿಂದ ಇಳಿದು ಬರುವ ಇನ್ನೊಂದು ಪದ. ನಿಘಂಟು ಪಕ್ಕದಲ್ಲಿದ್ದರೆ ತಲೆಯೇ ಬೇಡ. ಮಾಸ್ತರರ ಸುಳಿವಾದರೋ ಅಕ್ಕಪಕ್ಕದ ಪದಗಳ ಹಂಗಿಲ್ಲದೆ ತನ್ನ ಉತ್ತರವನ್ನು ತಾನೇ ಸಾಬೀತು ಮಾಡುತ್ತದೆ. ನಾಲ್ಕು ಬೇರೆ ಹೊನ್ನುಗಳು ಬಾಗಿಲಲ್ಲೇ ನಿಲ್ಲುತ್ತವೆ.

ಕನ್ನಡಕ್ಕೆ ಇದು ಒಗ್ಗುವುದಿಲ್ಲ ಎನ್ನುವ ವಾದವೊಂದಿದೆ. ಅದರಲ್ಲಿ ತಿರುಳಿಲ್ಲದೆ ಇಲ್ಲ. ಇಂಗ್ಲಿಷಿನ ಅಕ್ಷರಗಳು ಬಿಡಿ ಕವಡೆಗಳಂತೆ. ಕೈಯಲ್ಲಿ ಕುಲುಕಿ ಚೆಲ್ಲಿದರೆ ಹೊಸ ಪದ ಬೀಳುತ್ತದೆ. ನಮ್ಮಲ್ಲಿ ವ್ಯಂಜನ ತನ್ನ ಸ್ವರವನ್ನು ಹೆಗಲ ಮೇಲೆ ಹೊತ್ತೇ ನಡೆಯುತ್ತದೆ. ‘ಕೆರೆ’ಯ ‘ಕೆ’ ಇರುವ ಚೌಕಕ್ಕೆ ‘ಕಮಲ’ ಬರಲಾರದು. ಆದ್ದರಿಂದ ಕುಲುಕಾಟಕ್ಕೆ ಅವಕಾಶ ಕಡಿಮೆ. ಆದರೂ ‘ಕಕ್ಕಾಬಿಕ್ಕಿಯಾದ ರಮಣನಿಗೆ ಸಾವು’ ಎಂದರೆ ‘ಮರಣ’ ಸಿಕ್ಕುತ್ತದಲ್ಲ! (ಗುಮಾಸ್ತೆ ಇದನ್ನು ಕಟ್ಟಿದ್ದು ಮದುವೆಯಾದ ತಿಂಗಳಲ್ಲಿ, ನಾವು ಕಾರಣ ಕೇಳಲಿಲ್ಲ.) ‘ಹಾರವನ್ನು ತಿರುಗಿಸಿದರೆ ಕಾವ್ಯಕ್ಕೆ ಜೀವ’ ಎಂದರೆ ಸರ ತಿರುಗಿ ‘ರಸ’ವಾಗುತ್ತದೆ. ಔಷಧದಂಗಡಿಯವರು ಒಮ್ಮೆ ‘ನಾಗಮಂಗಲದ ಒಳಗಿನ ಕೋತಿ’ ಎಂದು ಎರಡಕ್ಷರ ಕೇಳಿ, ನಾವು ಒಬ್ಬೊಬ್ಬರ ಮುಖ ನೋಡಿಕೊಳ್ಳುವಂತೆ ಮಾಡಿದರು. ಹುಟ್ಟಿದಾಗಿನಿಂದ ಬರೆದುಕೊಂಡು ಬಂದ ಊರಿನ ಹೆಸರಿನ ನಡುವೆ ‘ಮಂಗ’ ಕೂತಿರುವುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಇನ್ನು ಶ್ಲೇಷೆಯ ವಿಷಯಕ್ಕೆ ಬಂದರೆ ನಾವು ಸಿರಿವಂತರು. ಸೂರ್ಯನಿಗೂ ಸರ್ಕಾರಕ್ಕೂ ಆನೆಗೂ ಇರುವುದು ‘ಕರ’. ಆರು, ಏಳು, ಹತ್ತು, ಈ ಮೂರು ಎಣಿಕೆಗಳೂ ನಮ್ಮಲ್ಲಿ ಕ್ರಿಯಾಪದಗಳು; ದೀಪ ಆರುತ್ತದೆ, ಮಗು ಏಳುತ್ತದೆ, ಬೆಂಕಿ ಹತ್ತುತ್ತದೆ. ಎಲ್ಲಕ್ಕಿಂತ ಸೋಜಿಗ ಇನ್ನೊಂದು. ‘ಅರಸು’ ಎಂದರೆ ರಾಜ, ‘ಅರಸು’ ಎಂದರೆ ಹುಡುಕು. ‘ದೊರೆ’ ಎಂದರೆ ರಾಜ, ‘ದೊರೆ’ ಎಂದರೆ ಸಿಕ್ಕು. ಹುಡುಕುವುದನ್ನೂ ಸಿಕ್ಕುವುದನ್ನೂ ಕನ್ನಡ ಒಬ್ಬನೇ ರಾಜನ ಎರಡು ಹೆಸರುಗಳಲ್ಲಿ ಇಟ್ಟಿದೆ. ಇದನ್ನು ಯಾರೂ ಯೋಚಿಸಿ ಇಟ್ಟದ್ದಲ್ಲ. ಆದರೆ ಆಟಗಾರನಿಗೆ ಇಂಥ ನಿಧಿ ಬೇರೆ ಯಾವ ಭಾಷೆ ಕೊಟ್ಟೀತು?

ಈ ‘ಅರಸು’ವಿನ ಮೇಲೆ ನಮ್ಮಲ್ಲಿ ಎರಡು ವಾರ ಜಗಳ ನಡೆಯಿತು. ನಾನು ‘ರಾಜನನ್ನು ಹುಡುಕು’ ಎಂದು ಕಟ್ಟಿದ್ದೆ. ಮಾಸ್ತರರು ಒಪ್ಪಲಿಲ್ಲ. ‘ದ್ವಿತೀಯಾ ವಿಭಕ್ತಿಗೆ ಇಲ್ಲಿ ಏನು ಉದ್ಯೋಗ? ಸಂಬಳ ಎಣಿಸಿಕೊಂಡು ಸುಮ್ಮನೆ ಕೂತಿದೆ’ ಎಂದರು. ‘ರಾಜ, ಹುಡುಕು’ ಎಂದು ತಿದ್ದಿದೆ. ನ್ಯಾಯವಾಯಿತು, ಆದರೆ ಸಾಲು ಸತ್ತಿತು. ವಿಭಕ್ತಿಪ್ರತ್ಯಯ ಪದಗಳನ್ನು ಬೆಸೆದುಬಿಡುವ ನಮ್ಮ ಭಾಷೆಯಲ್ಲಿ ಸುಳಿವು ಕಟ್ಟುವವನ ನಿಜವಾದ ಕಷ್ಟ ಇದೇ. ಕೊನೆಗೆ ದಾರಿ ತೋರಿಸಿದವನು ಗುಮಾಸ್ತೆ: ‘ಹುಡುಕು, ಮಹಾರಾಜ!’ ಸಂಬೋಧನೆಗೆ ಪ್ರತ್ಯಯ ಬೇಡ. ಎರಡೂ ಪದಕ್ಕೆ ಕೆಲಸವಿದೆ, ಮೇಲಾಗಿ ಜೀವಂತ ಮಾತಿನ ಧಾಟಿಯಿದೆ. ವ್ಯಾಕರಣದ ಪಾಠದಲ್ಲಿ ಸಂಬೋಧನೆಯನ್ನು ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದ ನಾನು ಅಂದಿನಿಂದ ಅದಕ್ಕೆ ಸ್ವಲ್ಪ ಹೆಚ್ಚು ಮರ್ಯಾದೆ ಕೊಡುತ್ತೇನೆ.

ಈ ನ್ಯಾಯವಿಚಾರ ಲಂಡನ್ನಿನಿಂದ ಬಂದ ಹೊಸ ಸರಕಲ್ಲ. ನಮ್ಮ ಕವಿರಾಜಮಾರ್ಗಕ್ಕೆ ಮುಖ್ಯ ಆಧಾರವಾದ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ದಂಡಿ 16 ಬಗೆಯ ಪ್ರಹೇಳಿಕೆಗಳನ್ನು ಎಣಿಸುತ್ತಾನೆ. ಪೂರ್ವಾಚಾರ್ಯರು ದುಷ್ಟಪ್ರಹೇಳಿಕೆಗಳು ಎಂದು ಇನ್ನೂ 14ನ್ನು ಹೇಳಿದ್ದರೆಂದೂ, ದೋಷಗಳಿಗೆ ಕೊನೆಯಿಲ್ಲವಾದ್ದರಿಂದ ತಾನು ಒಳ್ಳೆಯವನ್ನಷ್ಟೇ ವಿವರಿಸುವೆನೆಂದೂ ಸೇರಿಸುತ್ತಾನೆ. ಒಗಟಿನಲ್ಲಿ ಸಾಧು ಯಾವುದು, ದುಷ್ಟ ಯಾವುದು ಎಂಬ ಚರ್ಚೆ ಏಳನೆಯ ಶತಮಾನಕ್ಕಾಗಲೇ ಹಳೆಯದಾಗಿತ್ತು ಎಂದಾಯಿತು. ಇದರ ಉಪಯೋಗವೇನೆಂಬುದನ್ನೂ ಅವನು ಮರೆತಿಲ್ಲ: ಗೋಷ್ಠಿಗಳಲ್ಲಿ ವಿನೋದ, ಜನಸಂದಣಿಯ ನಡುವೆ ಬಲ್ಲವರೊಳಗೆ ಗುಟ್ಟಿನ ಮಾತು, ಮತ್ತು ಇತರರನ್ನು ತಬ್ಬಿಬ್ಬುಗೊಳಿಸುವುದು. ನಮ್ಮ ಹೋಟೆಲಿನ ಮೇಜಿಗೆ ಇದಕ್ಕಿಂತ ಒಳ್ಳೆಯ ವರ್ಣನೆ ನನಗೆ ಸಿಕ್ಕಿಲ್ಲ. ಭಾಮಹನಿಗೆ ಇದು ಹಿಡಿಸದು. ಶಾಸ್ತ್ರದಂತೆ ವ್ಯಾಖ್ಯಾನ ಬೇಡುವ ಕಾವ್ಯ ಬುದ್ಧಿವಂತರಿಗೆ ಹಬ್ಬವಾದರೆ ಮಂದಮತಿಗಳ ಗತಿಯೇನು ಎಂದು ಅವನು ಮರುಗುತ್ತಾನೆ. ಕರುಣೆಯ ಮಾತೇ. ಆದರೆ ಮಂದಮತಿಗಳೆಂದು ಪಂಡಿತರು ಎಣಿಸಿದ ನಮ್ಮ ಹಳ್ಳಿಯ ಜನ ಶತಮಾನಗಳಿಂದ ರಾಗಿ ಬೀಸುತ್ತ ಒಗಟು ಒಡೆದಿದ್ದಾರೆ; ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಒಡಪು ಹಾಕಿ ಗಂಡನ ಹೆಸರನ್ನು ಮುಚ್ಚಿಟ್ಟೇ ಹೇಳಿದ್ದಾರೆ. ಇಂಥ ಸಂಪತ್ತಿಗೆ ಜಾನಪದ ಲೋಕ ಕಟ್ಟಿದ ಎಚ್. ಎಲ್. ನಾಗೇಗೌಡರು ನಮ್ಮ ತಾಲ್ಲೂಕಿನ ಹೆರಗನಹಳ್ಳಿಯವರೇ. ಅದೇ ತಾಲ್ಲೂಕಿನ ಬೆಳ್ಳೂರಿನ ಮನೆತನದ ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ವಿನಲ್ಲಿ ಹೊರಗಿನ ಕವಿತೆಯನ್ನು ಕನ್ನಡದ ಉಸಿರಿನಲ್ಲಿ ಹೊಸದಾಗಿ ಆಡಿಸಿದರು. ಪದಬಂಧಕ್ಕೆ ಆ ಉಪಕಾರವನ್ನು ಇನ್ನೂ ಯಾರೂ ಪೂರ್ತಿಯಾಗಿ ಮಾಡಿಲ್ಲ. ಚೌಕ ತಂದೆವು, ಒಗಟನ್ನು ಮನೆಯಲ್ಲೇ ಮರೆತೆವು.

ಈಗ ನನ್ನನ್ನು ಕಾಡುತ್ತಿರುವ ಸಂಗತಿಗೆ ಬರುತ್ತೇನೆ. ಕನಕದಾಸರ ಮುಂಡಿಗೆಯೊಂದರಲ್ಲಿ ಮರವನ್ನು ನುಂಗುವ ಹಕ್ಕಿಯೊಂದು ಮನೆಯೊಳಕ್ಕೆ ಬರುತ್ತದೆ. ಅದರ ಗುರುತು ಹೇಳಿ ಎಂದು ಕುಳಿತ ಜನರನ್ನು ಪದವೇ ಕೇಳುತ್ತದೆ. ಎಂದರೆ ಅದೂ ಗೋಷ್ಠಿಗೆ ಒಡ್ಡಿದ ಚೀಟಿಯೇ. ವರ್ಷಗಳಿಂದ ನಾನು ಅದನ್ನು ತರಗತಿಯಲ್ಲಿ ಹೀಗೆ ಬರೆಸುತ್ತಿದ್ದೆ: ಹಕ್ಕಿ ಎಂದರೆ ಜೀವ, ಮರ ಎಂದರೆ ದೇಹ, ಮನೆ ಎಂದರೂ ದೇಹ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಿಂದಿರುಗಿಸುತ್ತಾರೆ, ನಾನು ಅಂಕ ಕೊಡುತ್ತೇನೆ. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮರವೂ ದೇಹ, ಮನೆಯೂ ದೇಹ ಅಂದ್ರೆ, ಹಕ್ಕಿ ಒಳಗೆ ಬಂದದ್ದು ಎಲ್ಲಿಗೆ ಸಾರ್?’ ಎಂದಳು.

‘ಸಂಪ್ರದಾಯದ ಅರ್ಥ ಹಾಗೆಯೇ ಇದೆಯಮ್ಮ, ಕೂತುಕೋ’ ಎಂದೆ.

ಅವಳು ಕೂತಳು. ನಾನು ಮಾತ್ರ ಆ ಸಂಜೆ ಸರಿಯಾಗಿ ಕೂರಲಾರದೆ ಹೋದೆ. ‘ಕಣ್ಣು ಯಾಕೆ ಬಂತು’ ಎಂಬ ಪ್ರಶ್ನೆಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೋಟೆಲಿನ ಮೇಜಿನ ಮೇಲೆ ನಾವು ಯಾರಿಗೂ ಬಿಟ್ಟುಕೊಡದ ನ್ಯಾಯವನ್ನು, ಸಂಬಳ ತೆಗೆದುಕೊಂಡು ಪಾಠ ಹೇಳುವ ಕೋಣೆಯಲ್ಲಿ ನಾನು ಎಂದೂ ಪಾಲಿಸಿರಲಿಲ್ಲ. ಅಲ್ಲಿ ಕಾರಣವಿಲ್ಲದ ಉತ್ತರ ಲೆಕ್ಕಕ್ಕಿಲ್ಲ. ಇಲ್ಲಿ ಅದಕ್ಕೆ ಐದಕ್ಕೆ ಐದು ಅಂಕ.

ಮುಂಡಿಗೆ ಪದಬಂಧವಲ್ಲ ಎಂದು ನನಗೂ ಗೊತ್ತು. ಮುಂಡಿಗೆಗೆ ಮರುವಾರ ಉತ್ತರ ಅಚ್ಚಾಗುವುದಿಲ್ಲ. ಅಲ್ಲಮನ ಬೆಡಗಿನ ವಚನಗಳ ಮುಂದಂತೂ ಈ ಹೋಲಿಕೆಯೇ ಮುರಿದು ಬೀಳುತ್ತದೆ. ಅಲ್ಲಿ ಒಂದು ಚೌಕದಲ್ಲಿ ಎರಡು ಅಕ್ಷರ ಒಟ್ಟಿಗೆ ನಿಲ್ಲಬಲ್ಲವು, ಕೆಲವೊಮ್ಮೆ ಚೌಕವೇ ಕರಗಿಹೋಗುತ್ತದೆ. ಟೀಕಾಕಾರರು ಬರೆದ ಅರ್ಥವೂ ಒಂದು ಉತ್ತರವೇ ಹೊರತು ಅಚ್ಚಾದ ಉತ್ತರವಲ್ಲ. ಹಾಗೆಂದು ಏನು ಹೇಳಿದರೂ ನಡೆಯುತ್ತದೆಂದಲ್ಲ. ಆ ಕವಿಯ ಬೇರೆ ಪದಗಳಲ್ಲಿ ಹಕ್ಕಿ ಏನಾಗಿ ಬಂದಿದೆ, ಮನೆ ಏನಾಗಿ ಬಂದಿದೆ, ಒಂದೊಂದು ಚರಣದ ಒಂದೊಂದು ಮಾತಿಗೂ ಈ ಅರ್ಥದಲ್ಲಿ ಕೆಲಸವಿದೆಯೇ ಇಲ್ಲವೇ, ಇವೇ ಅಡ್ಡಲಾಗಿ ಬಂದು ನಮ್ಮ ಉತ್ತರವನ್ನು ತಾಳೆ ನೋಡುವ ಪದಗಳು. ಅದನ್ನು ನೋಡದೆ ಬರೆಸಿದ ಅರ್ಥ, ಸುಳಿವನ್ನೇ ಓದದೆ ಉತ್ತರದ ಪಟ್ಟಿಯಿಂದ ನಕಲು ಮಾಡಿ ಚೌಕ ತುಂಬಿದಂತೆ.

ಮರುವಾರ ನಾನು ಟಿಪ್ಪಣಿ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಹೋದೆ. ಮುಂಡಿಗೆಯನ್ನು ಹಲಗೆಯ ಮೇಲೆ ಬರೆದು, ಉತ್ತರ ಯಾರು ಬೇಕಾದರೂ ಹೇಳಿ, ಆದರೆ ಒಂದು ಮಾತೂ ದಂಡವಾಗಬಾರದು ಎಂದೆ. ಮೊದಲ ಹತ್ತು ನಿಮಿಷ ಮೌನ. ಆಮೇಲೆ ಗಲಾಟೆ ಎಷ್ಟಾಯಿತೆಂದರೆ ಪಕ್ಕದ ಕೋಣೆಯ ಅಧ್ಯಾಪಕರು ಬಂದು ಇಣುಕಿದರು. ಮೂರು ಉತ್ತರ ಬಂದವು. ಎರಡು ನಡುವೆಯೇ ಕುಸಿದವು. ಮೂರನೆಯದು ಆ ಹುಡುಗಿಯದು: ಹಕ್ಕಿ ಬೆಂಕಿ, ಮನೆಯೊಳಗೆ ಬಂದದ್ದು ಒಲೆಗೆ. ಮರವನ್ನು ನುಂಗುವ ಮಾತಿಗೆ ಅದು ಸಲೀಸಾಗಿ ಹೊಂದಿತು. ಮುಂದಿನ ಚರಣಗಳಲ್ಲಿ ಅದಕ್ಕೆ ತೊಡಕಿದೆ ಎಂದು ನಾನು ತೋರಿಸಿದೆ. ನನ್ನ ‘ಜೀವ’ಕ್ಕೆ ಮೊದಲ ಚರಣದಲ್ಲೇ ತೊಡಕಿದೆಯೆಂದು ಅವಳು ತೋರಿಸಿದಳು. ಗಂಟೆ ಬಾರಿಸಿತು.

ಭಾನುವಾರ ಇದನ್ನು ಮೇಜಿನ ಮೇಲೆ ಇಟ್ಟೆ. ಮಾಸ್ತರರು ಮುಂಡಿಗೆಯನ್ನು ಚೀಟಿಯ ಮೇಲೆ ಬರೆದುಕೊಂಡು, ಕನ್ನಡಕ ಒರೆಸಿ, ಬುಧವಾರದವರೆಗೆ ಸಮಯ ಕೇಳಿದ್ದಾರೆ.