‘ಕರ್ವಾಲೊ’ದ ಓತಿ ಮತ್ತು ಡಬ್ಬಿಯ ಹೆಬ್ಬಾವು

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಕೊನೆಯಲ್ಲಿ ಹಾರುವ ಓತಿ ಹುಡುಕಿ ಹೋದವರ ಕೈಗೆ ಸಿಗದೆ ತೇಲಿ ಮರೆಯಾಗುತ್ತದೆ. ಇದನ್ನು ನಾವು ಸಾಮಾನ್ಯವಾಗಿ ವಿಸ್ಮಯದ ಗೆಲುವು ಎಂದು ಓದುತ್ತೇವೆ. ಭೋಸರಿಯ ನಮ್ಮ ಓದುಗರ ಕೂಟದಲ್ಲಿ ಕಿರಿಯ ಗೆಳೆಯನೊಬ್ಬ ಬೇರೆ ಪ್ರಶ್ನೆ ಎತ್ತಿದ: “ಸಾರ್, ಈಗಾಗಿದ್ರೆ ಹಿಡಿದು ಮರಿ ಮಾಡಿಸಿ ಉಳಿಸಬಹುದಿತ್ತಲ್ವಾ? ಬಾಲ್ ಪೈಥಾನ್ ಮನೇಲೇ ಮರಿ ಮಾಡಿಸ್ತಾರೆ.” ಪ್ರಶ್ನೆ ನ್ಯಾಯವಾದದ್ದೇ. ಆದರೆ ‘ಅಪರೂಪ’ ಎಂಬ ಮಾತಿಗೆ ಎರಡೂ ಕಡೆ ಒಂದೇ ಅರ್ಥವಿಲ್ಲ.

ಬಾಲ್ ಪೈಥಾನ್ ಆಫ್ರಿಕಾದ ಪುಟ್ಟ ಹೆಬ್ಬಾವು. ಸಾಕುವವರು ಅಪರೂಪ ಎನ್ನುವುದು ಅದರ ಬಣ್ಣವನ್ನು. ಮರಿ ಮಾಡಿಸುವುದು ಸುಲಭವಲ್ಲ. ಹೆಣ್ಣು ಬಲಿಯಲು ವರ್ಷಗಳು ಬೇಕು. ಒಮ್ಮೆಗೆ ಇಡುವುದು ಹೆಚ್ಚಾಗಿ ಐದಾರು ಮೊಟ್ಟೆ. ಅವನ್ನು 31-32 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೇವ ಆರದಂತೆ, ಹತ್ತಿರ ಹತ್ತಿರ ಎರಡು ತಿಂಗಳು ಕಾವಿಗಿಡಬೇಕು. ಇಷ್ಟನ್ನು ಥರ್ಮೋಸ್ಟಾಟ್ ನಿಭಾಯಿಸೀತು. ಅಲ್ಬಿನೊದಂಥ ಬಣ್ಣ ತಂದೆ-ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣಿಸುವುದರಿಂದ, ಒಂದೇ ವಂಶದೊಳಗೆ ಕೂಡಿಸುವ ಆಸೆ ಹುಟ್ಟುತ್ತದೆ. ‘ಸ್ಪೈಡರ್’ ಎಂಬ ತಳಿಯಲ್ಲಂತೂ ಮೈಮೇಲಿನ ತೆಳು ಗೆರೆಗಳ ಚಂದದ ಜೊತೆಗೇ ತಲೆ ನಡುಗುವ, ಸಮತೋಲ ತಪ್ಪುವ ಕಾಯಿಲೆಯೂ ಬರುತ್ತದೆ. ಚಂದವನ್ನು ಉಳಿಸಿಕೊಂಡು ಕಾಯಿಲೆಯನ್ನು ಮಾತ್ರ ಕಳೆಯುವ ದಾರಿ ಸಾಕುವವರಿಗೆ ಸಿಕ್ಕಿಲ್ಲ.

ಈ ಆಸೆಗೆ ಮಾರುಕಟ್ಟೆಯೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನೊಳಗೆ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು, ಸತ್ತ 6 ಕಪುಚಿನ್ ಮಂಗಗಳು ಸಿಕ್ಕವು.

ಹಾಗೆಂದು ಮೊಟ್ಟೆಗೆ ಕಾವು ಕೊಡುವುದೇ ತಪ್ಪಲ್ಲ. ನಮ್ಮ ದೇಶದಲ್ಲಿ 1975ರಲ್ಲಿ ಶುರುವಾದ ಮೊಸಳೆ ಸಂರಕ್ಷಣಾ ಯೋಜನೆಯಲ್ಲಿ ಮೊಟ್ಟೆ ಆರಿಸಿ ತಂದು, ಮರಿ ಬೆಳೆಸಿ, ನದಿಗೆ ಬಿಟ್ಟರು. ಕೇಳಬೇಕಾದ್ದು ಇಷ್ಟೇ: ಮರಿ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ‘ಕರ್ವಾಲೊ’ದ ಕೊನೆ ಬರೀ ವಿಸ್ಮಯವಾಗಿ ಉಳಿಯುವುದಿಲ್ಲ. ತೇಜಸ್ವಿ ಹಿಡಿಯುವ ಆಸೆಯನ್ನು ಬೈಯುವುದಿಲ್ಲ. ಕರ್ವಾಲೊ, ಮಂದಣ್ಣ, ನಿರೂಪಕ ಎಲ್ಲರೂ ಆ ಆಸೆಯಿಂದಲೇ ಕಾಡು ಹೊಕ್ಕವರು. ಓತಿ ಅಪರೂಪವಾದದ್ದು ಯಾರ ಹಂಗೂ ಇಲ್ಲದೆ ಯುಗಗಳನ್ನು ದಾಟಿ ಬಂದದ್ದರಿಂದ. ಡಬ್ಬಿಯಲ್ಲಿ ತಲೆ ನಡುಗಿಸುವ ಹಾವಿನ ಅಪರೂಪವನ್ನು ಮಾಡಿದ್ದು ನಾವು. ಓತಿಯನ್ನು ಹಿಡಿದಿದ್ದರೆ ಅದೂ ನಮ್ಮ ಲೆಕ್ಕದ ಪುಸ್ತಕಕ್ಕೆ ಸೇರುತ್ತಿತ್ತು. ಕಾದಂಬರಿ ಅದನ್ನು ಅದರ ಜಾಗಕ್ಕೇ ಬಿಟ್ಟುಕೊಡುತ್ತದೆ. ಗೆಳೆಯನ ಪ್ರಶ್ನೆಗೆ ನನಗೆ ಅಲ್ಲಿ ಕಂಡ ಉತ್ತರ ಇದು.